ಬೇಸಿಗೆ ಸಸಿಗೆ ಹೊಂಗೆ ತರಗು

ಶಿರಾ ಕಡೆ ನಮ್ಮದೊಂದು ಸಣ್ಣ ನರ್ಸರಿ. ಹುಣಸೆ, ನೆಲ್ಲಿ, ಸೀತಾಫಲ, ಹೊಂಗೆ ಸಸಿ ಬೆಳೆಸುತ್ತೇವೆ. ಮೃಗಶಿರಾ ಮಳೆ ಬಿದ್ದ ಮೇಲೆ ಜನ ಸಸಿ ಕೇಳಿಕೊಂಡು ಬರುತ್ತಾರೆ. ಅಲ್ಲಿಯವರೆಗೆ, ಮಾರ್ಚ್‌ನಿಂದ ಮೇ ದಾಟುವ ತನಕ, ಅವನ್ನು ಬದುಕಿಸಿಕೊಳ್ಳುವುದೇ ದೊಡ್ಡ ಕೆಲಸ.

ಮೊದಲ ಬೇಸಿಗೆಯಲ್ಲಿ ಮಣ್ಣಿನ ತೇವ ಆರದಿರಲಿ ಅಂತ ಭತ್ತದ ಹುಲ್ಲು ಕೊಂಡು ತಂದು, ಸಸಿ ಬೆಳೆಸುವ ಕಪ್ಪು ಪ್ಲಾಸ್ಟಿಕ್ ಪಾಕೆಟ್‌ಗಳ ಮೇಲೆ ದಪ್ಪಗೆ ಹಾಸಿದೆ. ರಾಗಿ ಹುಲ್ಲು ನಮ್ಮ ದನಕ್ಕೇ ಸಾಲದು. ವಾರದೊಳಗೆ ಸಸಿಗಳ ಕುಡಿ ಬಾಡತೊಡಗಿತು. ದಿನಾ ನೀರು ಹಾಕುವ ಅಕ್ಕ ಒಂದು ಪಾಕೆಟ್ ಎತ್ತಿ ನನ್ನ ಕೈಗಿಟ್ಟರು. “ಅಣ್ಣಾ, ಎಷ್ಟು ಹಗುರ ಐತೆ ನೋಡಿ. ನೀರೆಲ್ಲ ಹುಲ್ಲೇ ಕುಡೀತೈತೆ” ಅಂದರು. ನಿಜ. ಹುಲ್ಲು ಒದ್ದೆ, ಕೆಳಗೆ ಪುಡಿಮಣ್ಣು. ಹುಲ್ಲು ತಾಗಿದ ಕಡೆ ಕೆಲವು ಕಾಂಡಗಳ ಬುಡವೂ ಕೊಳೆತಿತ್ತು. ಆಮೇಲೆ ಗೆದ್ದಲು ಬೇರೆ.

ಮರುವರ್ಷ ಭತ್ತದ ಹೊಟ್ಟು ಹಾಕಿದೆ. ಪೈಪಿನಲ್ಲಿ ನೀರು ಬಿಟ್ಟರೆ ತೇಲಿ ಹೋಯಿತು.

ಕೊನೆಗೆ ಕೈಹಿಡಿದದ್ದು ಬದುವಿನ ಹೊಂಗೆ ಮರ. ಶಿವರಾತ್ರಿ ಆಸುಪಾಸಿನಲ್ಲಿ ಅದರ ಎಲೆ ಉದುರುತ್ತದೆ, ನಮಗೆ ಬೇಕಾದ ಹೊತ್ತಿಗೆ ಸರಿಯಾಗಿ. ತರಗನ್ನು ಗುಡಿಸಿ, ಬಿಸಿಲಲ್ಲಿ ಒಣಗಿಸಿ, ಕಾಲಲ್ಲಿ ತುಳಿದು ಚೂರು ಮಾಡುತ್ತೇವೆ. ಇಡೀ ಎಲೆ ಹಾಕಿದರೆ ತಟ್ಟೆಯ ಹಾಗೆ ಮುಚ್ಚಿಕೊಂಡು ನೀರು ಹೊರಗೆ ಜಾರುತ್ತದೆ. ಚೂರಾದರೆ ಸಂದಿಯಲ್ಲಿ ಇಳಿಯುತ್ತದೆ.

ಮೊದಲು ಪಾಕೆಟ್ ತುಂಬ ನೆನೆಯುವಂತೆ ನೀರು ಕೊಡಬೇಕು. ಆಮೇಲೆ ತರಗು, ಒಂದು ಇಂಚಿಗಿಂತ ಜಾಸ್ತಿ ಬೇಡ. ಅದಕ್ಕಾಗಿಯೇ ಮಣ್ಣು ತುಂಬುವಾಗ ಬಾಯಿಂದ ಒಂದು ಇಂಚು ಖಾಲಿ ಬಿಡುತ್ತೇವೆ. ಕಾಂಡದ ಸುತ್ತ ಬೆರಳಿನಷ್ಟು ಜಾಗ ಬಿಡಲೇಬೇಕು. ತರಗನ್ನು ಮಣ್ಣಿಗೆ ಕಲಸಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಸಸಿ ಹಳದಿಯಾಗುತ್ತದೆ.

ಒಂದು ಮಡಿಗೆ ತರಗು ಹಾಕಿ, ಪಕ್ಕದ್ದನ್ನು ಸುಮ್ನೆ ಬಿಟ್ಟು ನೋಡಿದೆ. ಎರಡಕ್ಕೂ ಒಂದೇ ಹೊತ್ತಿಗೆ ನೀರು. ಮಾರನೆಯ ದಿನ ಬೆರಳು ಚುಚ್ಚಿದರೆ ಬರಿ ಪಾಕೆಟ್‌ನಲ್ಲಿ ಎರಡನೇ ಗೆಣ್ಣಿನವರೆಗೂ ಒಣಮಣ್ಣು. ತರಗಿನ ಕೆಳಗೆ ಮಣ್ಣು ಇನ್ನೂ ತಂಪು. ದಿನಕ್ಕೆ ಎರಡು ಸಲ ಹಾಕುತ್ತಿದ್ದ ನೀರು ಬೆಳಿಗ್ಗೆ ಒಂದೇ ಸಲಕ್ಕೆ ಬಂತು. ಬೋರ್‌ವೆಲ್ ಸೊರಗುವ ಏಪ್ರಿಲ್‌ನಲ್ಲಿ ಇದು ಎಷ್ಟು ದೊಡ್ಡ ಮಾತು ಅಂತ ನಮ್ಮ ಕಡೆಯವರಿಗೆ ಗೊತ್ತು.

ಆದರೂ ಪಡುವಣ ಅಂಚಿನ ಸಾಲು ಮಾತ್ರ ಸೊರಗುತ್ತಲೇ ಇತ್ತು. ಕಾರಣ ತಿಳಿಯಲು ಎರಡು ಬೇಸಿಗೆ ಬೇಕಾಯಿತು. ಸಂಜೆ ಬಿಸಿಲು ಕಪ್ಪು ಪಾಕೆಟ್‌ನ ಮಗ್ಗುಲಿಗೆ ಹೊಡೆದು ಬೇರು ಬೇಯುತ್ತಿತ್ತು. ಮೇಲಿನ ಹೊದಿಕೆ ಅದಕ್ಕೇನು ಮಾಡೀತು? ಈಗ ಮಡಿಯನ್ನು ಅರ್ಧ ಅಡಿ ತಗ್ಗಿಸಿ, ಅಂಚಿಗೆ ಮಣ್ಣು ಏರಿಸಿ, ಹೊರಗೆ ತೆಂಗಿನ ಗರಿ ಒರಗಿಸುತ್ತೇವೆ. ಅಂಚಿನ ಸಸಿಗಳೂ ಉಳಿಯುತ್ತಿವೆ.

ಮಳೆ ಹಿಡಿದ ಕೂಡಲೇ ತರಗು ತೆಗೆದು ಗೊಬ್ಬರದ ಗುಂಡಿಗೆ ಹಾಕುತ್ತೇವೆ. ಬಿಟ್ಟರೆ ಮತ್ತೆ ಬುಡ ಕೊಳೆಯುತ್ತದೆ.