ಹಿಮ್ಮಡಿ ಒಡಕಿಗೆ ಮುರುಗಲು ತುಪ್ಪ: ಕಾಯಿಸಿ, ಹಚ್ಚಿ, ತಪ್ಪಿ ಕಲಿತದ್ದು

ಮದುವೆಯಾಗಿ ಸಿದ್ದಾಪುರದ ಕಡೆಯ ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ನನ್ನ ಹಿಮ್ಮಡಿ ಒಡೆಯಿತು. ಅಡಿಕೆ ಕೊಯ್ಲಿನ ದಿನಗಳು. ಬೆಳಿಗ್ಗೆ ಇಬ್ಬನಿಯಲ್ಲಿ ತೋಟ, ಮಧ್ಯಾಹ್ನ ಅಂಗಳದ ಬಿಸಿಲು, ಸಂಜೆ ಬಚ್ಚಲಿನ ಕಲ್ಲಿಗೆ ಕಾಲು ತಿಕ್ಕುವ ಕೆಲಸ. ಹದಿನೈದು ದಿನಕ್ಕೆ ಒಡಕಿನಲ್ಲಿ ರಕ್ತ ಜಿನುಗತೊಡಗಿತು. ರಾತ್ರಿ ಕಂಬಳಿಯ ನೂಲು ಅದಕ್ಕೆ ಸಿಕ್ಕಿದರೆ ಜೀವ ಹೋದಂತಾಗುತ್ತಿತ್ತು. ಪೇಟೆಯಿಂದ ತಂದ ಎರಡು ಡಬ್ಬಿ ಕ್ರೀಮು ಖಾಲಿಯಾದ ಮೇಲೆ ಅತ್ತೆ ನಾಗಂದಿಗೆಯಿಂದ ನಿಂಬೆಹಣ್ಣಿನ ಗಾತ್ರದ, ಹಳದಿ ಬೆರೆತ ಬೂದುಬಣ್ಣದ ಉಂಡೆಯೊಂದನ್ನು ತೆಗೆದುಕೊಟ್ಟರು. ಮೇಣದ ಹಾಗೆ ಗಟ್ಟಿ. ಉಗುರಿನಲ್ಲಿ ಕೆರೆದರೆ ಹುಡಿಯಾಗುತ್ತಿತ್ತು.

“ಚಿಮಣಿಗೆ ಹಿಡಿದು ಕರಗಿಸಿ ಒಡಕಿಗೆ ಬಿಡು ತಂಗಿ. ಬಿಸಿ ಇದ್ದಾಗಲೇ ಬಿಡಬೇಕು” ಎಂದರು. ಬಿಟ್ಟೆ. ಚುರುಕ್ ಎಂದಿತು. ವಾರದಲ್ಲಿ ಒಡಕು ಕೂಡಿಕೊಂಡಿತು. ಆ ಬಿಸಿಯೇ ಔಷಧವೆಂದು ನಾನೂ ಬಹಳ ವರ್ಷ ನಂಬಿದ್ದೆ.

ತುಪ್ಪವೆಂದು ಕರೆದರೂ ಇದಕ್ಕೂ ಕೊಟ್ಟಿಗೆಗೂ ಸಂಬಂಧವಿಲ್ಲ. ಇದು ಮುರುಗಲು ಹಣ್ಣಿನ ಬೀಜದ ಕೊಬ್ಬು. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ, ಪೇಟೆಯ ಶರಬತ್ತಿನ ಬಾಟಲಿಯ ಮೇಲೆ ಕೋಕಂ ಎಂದಿರುವ ಹಣ್ಣೇ ಇದು. ಸಿಪ್ಪೆಗೆ ಗಿರಾಕಿಗಳಿದ್ದಾರೆ, ಬೀಜವನ್ನು ಕೇಳುವವರು ಕಡಿಮೆ. ಅತ್ತೆಗೆ ಕೈಲಾಗದಿದ್ದ ವರ್ಷದಿಂದ ಅದನ್ನು ಕಾಯಿಸುವ ಕೆಲಸ ನನ್ನದಾಯಿತು.

ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಿಪ್ಪೆ ಬಿಡಿಸಿದ ಮೇಲೆ ಬೀಜದ ಲೋಳೆ ಹೋಗುವಂತೆ ತೊಳೆದು, ಅಲುಗಾಡಿಸಿದರೆ ಗಲಗಲ ಎನ್ನುವವರೆಗೆ ಒಣಗಿಸುತ್ತೇನೆ. ಮಳೆ ಬೇಗ ಹಿಡಿದರೆ ಉಳಿದದ್ದು ಒಲೆಯ ಮೇಲಿನ ಅಟ್ಟದಲ್ಲಿ. ಬಿಡುವಾದಾಗ ಒರಳಿನಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ಹೊಟ್ಟು ತೆಗೆದು, ಒಳಗಿನ ತಿರುಳನ್ನು ನುಣ್ಣಗೆ ಅರೆಯಬೇಕು. ಅತ್ತೆ ಒರಳುಕಲ್ಲಿನಲ್ಲಿ ಅರೆಯುತ್ತಿದ್ದರು, ನನ್ನದು ಮಿಕ್ಸಿ. ಆ ಹಿಟ್ಟನ್ನು ಹೆಚ್ಚು ನೀರಿನಲ್ಲಿ ಹಾಕಿ ಒಂದೆರಡು ತಾಸು ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಸೌಟಿನಲ್ಲಿ ತೆಗೆಯುವ ಉಸಾಬರಿ ಬೇಡವೆಂದು ನಾನು ಪಾತ್ರೆಯನ್ನು ರಾತ್ರಿಯಿಡೀ ಹಾಗೆಯೇ ಬಿಡುತ್ತೇನೆ. ಬೆಳಿಗ್ಗೆ ಮೇಲೆ ರೊಟ್ಟಿಯಂತೆ ಹೆಪ್ಪುಗಟ್ಟಿರುತ್ತದೆ, ಎತ್ತಿಕೊಂಡರಾಯಿತು.

ನಾನು ಎಡವಿದ್ದು ಇದರ ನಂತರ. ಮೊದಲ ವರ್ಷ ಆ ರೊಟ್ಟಿಯನ್ನೇ ಉಂಡೆ ಕಟ್ಟಿ ಡಬ್ಬಿಗೆ ತುಂಬಿದೆ. ದೀಪಾವಳಿಗೆ ತೆಗೆದರೆ ಕಮಟು ವಾಸನೆ, ಅಂಚಿಗೆ ಬೂಸ್ಟು. ಒಳಗೆ ನೀರು ಉಳಿದಿತ್ತು. ಈಗ ಮತ್ತೊಮ್ಮೆ ಸಣ್ಣ ಉರಿಯಲ್ಲಿ ಕರಗಿಸಿ, ಚಟಪಟ ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಿಸಿ, ತೆಳುಬಟ್ಟೆಯಲ್ಲಿ ಸೋಸಿ ಗೆರಟೆಗೆ ಹೊಯ್ಯುತ್ತೇನೆ. ಮೂರು ಕಿಲೋ ಒಣಬೀಜಕ್ಕೆ ನನಗೆ ಸಿಗುವುದು ಹೆಚ್ಚೆಂದರೆ ಅರ್ಧ ಕಿಲೋ. ಕೂಲಿ ಲೆಕ್ಕ ಹಾಕಿದರೆ ಯಾರೂ ಮಾಡುವ ಕೆಲಸವಲ್ಲ.

ದೋಸೆಗೂ ಹಾಕಿಕೊಂಡು ತಿಂದಿದ್ದೇವೆ. ಬಿಸಿ ಇರುವಾಗಲೇ ತಿನ್ನಬೇಕು. ಆರಿದರೆ ಅಂಗುಳಕ್ಕೆ ಮೇಣದಂತೆ ಹಿಡಿದುಕೊಳ್ಳುತ್ತದೆ. ಈ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ ಎಂಬ ಗಟ್ಟಿ ಕೊಬ್ಬಿನಂಶ, ಉಳಿದದ್ದರಲ್ಲಿ ಬಹುಪಾಲು ಓಲಿಯಿಕ್ ಆಮ್ಲ ಎಂಬ ಎಣ್ಣೆಯಂಥ ಅಂಶ. ಕರಗಲು 40 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಕೊಬ್ಬರಿ ಎಣ್ಣೆಗೆ 24 ಸಾಕು. ತಿಂದದ್ದರಿಂದ ಚರ್ಮಕ್ಕೆ ಹೊಳಪು ಬಂತೇ ಎಂದು ಕೇಳುವವರಿಗೆ ನನ್ನ ಉತ್ತರ, ಇಲ್ಲ. ಹೊಟ್ಟೆ ತುಂಬಿತು, ಅಷ್ಟೇ.

ಬಿಸಿಯ ಮೇಲಿನ ನಂಬಿಕೆ ಮುರಿದದ್ದು ಅತ್ತೆಯ ಕಾಲಿನಿಂದ. ಅವರಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಗಿತ್ತು. ಒಂದು ರಾತ್ರಿ ಎಂದಿನಂತೆ ಚಿಮಣಿಯ ಮುಂದೆ ಕುಳಿತು ಕರಗಿಸಿ ಬಿಟ್ಟುಕೊಂಡರು. ಚುರುಕ್ ಎನ್ನಲಿಲ್ಲವಂತೆ, ಇನ್ನಷ್ಟು ಬಿಸಿ ಮಾಡಿದರು. ಬೆಳಿಗ್ಗೆ ನೋಡಿದರೆ ಹಿಮ್ಮಡಿಯ ಪಕ್ಕದಲ್ಲಿ ರೂಪಾಯಿಯಗಲದ ಬೊಕ್ಕೆ. ಕಾಲಿನ ನರಗಳು ಜೋಮು ಹಿಡಿದದ್ದು ನಮಗೆ ತಿಳಿದೇ ಇರಲಿಲ್ಲ. ಹುಣ್ಣು ಮಾಯಲು ಎರಡೂವರೆ ತಿಂಗಳಾಯಿತು. ಡ್ರೆಸ್ಸಿಂಗ್ ಮಾಡುತ್ತಿದ್ದ ವೈದ್ಯರು ಬೈಯಲಿಲ್ಲ. ತುಪ್ಪ ಹಚ್ಚಿ, ಬಿಸಿ ಬೇಡ, ಬೆರಳಿನ ಸಂದಿಗೆ ಬೇಡ, ಗಾಯವಿದ್ದರೆ ಏನೂ ಹಚ್ಚದೆ ಇಲ್ಲಿಗೆ ಬನ್ನಿ ಎಂದರು.

ಬೆರಳ ಸಂದಿಯ ಪಾಠ ನನಗೆ ಬೇರೆಯಾಗಿ ಆಗಿತ್ತು. ಮಳೆಗಾಲದಲ್ಲಿ ಕೆಸರಿನಲ್ಲಿ ನಿಂತು ಸಂದಿ ಬೆಳ್ಳಗಾಗಿ ತುರಿಸುತ್ತಿದ್ದಾಗ ಅಲ್ಲಿಗೂ ಇದೇ ತುಪ್ಪ ಮೆತ್ತಿದ್ದೆ. ತುರಿಕೆ ಇಮ್ಮಡಿಯಾಯಿತು. ಅದು ಶಿಲೀಂಧ್ರದ ಕಾಟ. ಅದಕ್ಕೆ ಬೇಕಾದದ್ದು ಒಣಗಾಳಿ ಮತ್ತು ಅದರದ್ದೇ ಮುಲಾಮು. ನಾನು ಮಾಡಿದ್ದು ತೇವದ ಮೇಲೆ ಮುಚ್ಚಳ ಹಾಕುವ ಕೆಲಸ.

ಮುಚ್ಚಳ! ಹಿಮ್ಮಡಿಯಲ್ಲೂ ಈ ತುಪ್ಪ ಮಾಡುವುದು ಅದನ್ನೇ. ಅದರಲ್ಲಿ ನೀರಿನ ಹನಿಯೂ ಇಲ್ಲ, ಒಣಗಿದ ಚರ್ಮಕ್ಕೆ ಬೇಕಾದದ್ದು ನೀರು. ಹಾಗಾಗಿ ಮೊದಲು ನೀರು ಕುಡಿಸಬೇಕು, ಆಮೇಲೆ ಅದು ಆರಿಹೋಗದಂತೆ ಮುಚ್ಚಬೇಕು. ನಾನೀಗ ಮಲಗುವ ಮುಂಚೆ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಒರೆಸಿ, ಪಸೆ ಇರುವಾಗಲೇ ಹಚ್ಚಿ ಹಳೆಯ ಕಾಲುಚೀಲ ಹಾಕುತ್ತೇನೆ. ಚಳಿಯಲ್ಲಿ ಉಂಡೆ ಕಲ್ಲಿನಂತಿರುವುದರಿಂದ ಮೂರು ಪಾಲಿಗೆ ಒಂದು ಪಾಲು ಕೊಬ್ಬರಿ ಎಣ್ಣೆ ಸೇರಿಸಿ ಕರಗಿಸಿಟ್ಟುಕೊಂಡಿದ್ದೇನೆ; ಅಂಗೈಯಲ್ಲಿ ಉಜ್ಜಿದರೆ ಸಾಕು, ಮೆತ್ತಗಾಗುತ್ತದೆ. ಬಚ್ಚಲಿನ ಕಲ್ಲಿಗೆ ತಿಕ್ಕುವುದನ್ನು ಬಿಟ್ಟೆ. ತುಪ್ಪದಷ್ಟೇ ಉಪಕಾರ ಅದರಿಂದಲೂ ಆಗಿದೆ. ಮೊದಲ ವರ್ಷ ನನ್ನ ಒಡಕು ಕೂಡಿದ್ದು ಬಿಸಿಯಿಂದಲ್ಲ. ಆ ವಾರ ನೋವಿಗೆ ಹೆದರಿ ಕಾಲು ತಿಕ್ಕಿರಲೇ ಇಲ್ಲ!

ಅತ್ತೆಯ ಕಾಲಿಗೆ ಈಗ ನಾನೇ ಹಚ್ಚುತ್ತೇನೆ. ಅವರಿಗೆ ನೆನೆಸುವುದೂ ಇಲ್ಲ; ಸ್ನಾನವಾಗಿ ಕಾಲು ಒರೆಸಿದ ಕೂಡಲೇ ಬೆಳಕಿಗೆ ಹಿಡಿದು ಅಂಗಾಲು ಪೂರ್ತಿ ನೋಡಿ, ಆಮೇಲೆ ತುಪ್ಪ. ಎಂಬತ್ತರ ಅವರು ಅಷ್ಟೂ ಹೊತ್ತು ಸುಮ್ಮನಿದ್ದು, ಕೊನೆಗೆ ಸೆರಗು ಸರಿಪಡಿಸಿಕೊಳ್ಳುತ್ತಾ, “ಬಿಸಿ ಸಾಲದು ತಂಗಿ” ಎನ್ನುತ್ತಾರೆ.