ತಾಂತ್ರಿಕ ಸಾಲ: ಲೆಕ್ಕವಿಟ್ಟು ಮಾಡುವುದು ಹೇಗೆ?

ಗಡುವು ಹತ್ತಿರವಾದಾಗ, ಸದ್ಯಕ್ಕೆ ಕೆಲಸ ನಡೆಯುವಂಥ ಕೋಡ್ ಬರೆದು ತಂತ್ರಾಂಶ ಬಿಡುಗಡೆ ಮಾಡುವುದುಂಟು. ಸರಿಪಡಿಸುವ ಕೆಲಸವನ್ನು ಹೀಗೆ ಮುಂದಕ್ಕೆ ಹಾಕುವುದೇ ತಾಂತ್ರಿಕ ಸಾಲ. ಇದನ್ನು ಸಾಲಕ್ಕೆ ಹೋಲಿಸಿದವರು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್, 1992ರಲ್ಲಿ, ವೈಕ್ಯಾಶ್ ಎಂಬ ಹಣಕಾಸು ತಂತ್ರಾಂಶದ ಅನುಭವ ಬರೆಯುವಾಗ. ಬೇಗ ತೀರಿಸುವುದಾದರೆ ಸ್ವಲ್ಪ ಸಾಲ ಕೆಲಸಕ್ಕೆ ವೇಗ ಕೊಡುತ್ತದೆ, ತೀರಿಸದೆ ಬಿಟ್ಟರೆ ಅಪಾಯ ಎಂಬುದು ಅವರ ವಾದದ ಸಾರ. ಹೊಣೆಗೇಡಿತನದಿಂದ ಕೆಟ್ಟ ಕೋಡಿಗೆಲ್ಲ ಈ ಹೆಸರು ಹಚ್ಚುವುದನ್ನು ನಾನು ಒಪ್ಪುವುದಿಲ್ಲ.

ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡುವ ಸಣ್ಣ ತಂಡವೊಂದನ್ನು ತೆಗೆದುಕೊಳ್ಳೋಣ. 2024ರ ದೀಪಾವಳಿಯೊಳಗೆ ತಂತ್ರಾಂಶ ಅಂಗಡಿಯವರ ಕೈಸೇರಬೇಕಿತ್ತು ಎನ್ನಿ. ಜಿಎಸ್‌ಟಿ ದರಗಳನ್ನು ಪ್ರತ್ಯೇಕ ಕೋಷ್ಟಕದಲ್ಲಿಟ್ಟು, ಯಾವ ದಿನದಿಂದ ಯಾವ ದರ ಎಂದು ನಮೂದಿಸುವುದು ಸರಿಯಾದ ದಾರಿ. ಅದಕ್ಕೆ ಎರಡು ವಾರ ಬೇಕೆನ್ನಿ. ಆಗಿನ ದರಗಳನ್ನು 12, 18 ಎಂದು ಕೋಡಿನಲ್ಲೇ ಬರೆದುಬಿಟ್ಟರೆ ಒಂದು ದಿನ ಸಾಕು.

ಮೊದಲು ಎರಡೂ ದಾರಿಗಳ ಲೆಕ್ಕವನ್ನು ಎದುರುಬದುರು ಇಡಿ. ಮುಂದೂಡಿದ ಕೆಲಸವೇ ಅಸಲು. ಆ ಕೋಡನ್ನು ಮುಟ್ಟಿದಾಗಲೆಲ್ಲ ಹೆಚ್ಚಿಗೆ ತಗಲುವ ಹೊತ್ತು ಬಡ್ಡಿ.

ಸಾಲ ಮಾಡುವುದೆಂದು ತೀರ್ಮಾನಿಸಿದರೆ ಅಂದೇ ಬರೆದಿಡಿ. ಬಹಳಷ್ಟು ತಂಡಗಳು ಎಡವುವುದು ಇಲ್ಲಿಯೇ: ನಿರ್ಧಾರ ಒಬ್ಬರ ತಲೆಯಲ್ಲಿರುತ್ತದೆ, ಅವರು ಕೆಲಸ ಬಿಟ್ಟರೆ ಅದೂ ಹೋಗುತ್ತದೆ. ಯಾವ ಕಡತ, ಏಕೆ ಹೀಗೆ, ಯಾರು ಒಪ್ಪಿದರು, ಯಾವಾಗ ತೀರಿಸುವುದು, ಇಷ್ಟನ್ನು ಉಳಿದ ಕೆಲಸಗಳ ಪಟ್ಟಿಯಲ್ಲೇ ಸೇರಿಸಿ. ‘ಸಮಯ ಸಿಕ್ಕಾಗ’ ಎಂದು ಬರೆದ ಸಾಲ ತೀರಿದ್ದನ್ನು ಕಾಣುವುದು ಅಪರೂಪ. ‘ನೂರನೆಯ ಅಂಗಡಿ ಸೇರುವ ಮುನ್ನ’ ಎಂಬಂಥ ಗುರುತು ಹಾಕಿ. ಗಡುವು ಕೊಟ್ಟ ವ್ಯವಸ್ಥಾಪಕರ ಒಪ್ಪಿಗೆಯೂ ಅಲ್ಲಿರಲಿ. ಲಾಭ ಅವರದೂ ಹೌದು.

ಆಮೇಲೆ ಬಡ್ಡಿಯ ಮೇಲೆ ಕಣ್ಣಿಡಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾಗಿ, ಶೇ 12ರಲ್ಲಿದ್ದ ಬಹಳಷ್ಟು ಸರಕು ಶೇ 5ಕ್ಕೆ, ಶೇ 28ರಲ್ಲಿದ್ದ ಬಹಳಷ್ಟು ಶೇ 18ಕ್ಕೆ ಇಳಿದವು. ಕೋಷ್ಟಕವಿದ್ದ ಕಡೆ ಹೊಸ ಸಾಲುಗಳನ್ನು ಸೇರಿಸಿದರಾಯಿತು. ಇಲ್ಲದ ಕಡೆ 12 ಎಂದಿರುವ ಪ್ರತಿ ಜಾಗವನ್ನೂ ಹುಡುಕಬೇಕು; ಅದು ತೆರಿಗೆಯೋ, ಡಜನ್ ಲೆಕ್ಕವೋ, ತಿಂಗಳುಗಳೋ ಎಂದು ಒಂದೊಂದಾಗಿ ನೋಡಬೇಕು. ಅಷ್ಟಾದರೂ ಹಳೆಯ ದರವನ್ನು ಅಳಿಸಿಬಿಡುವಂತಿಲ್ಲ: ಹಳೆಯ ಬಿಲ್ಲಿನ ಸರಕು ವಾಪಸಾದರೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡಿ ಕೊಡುವ ಚೀಟಿ) ಹಳೆಯ ದರದಲ್ಲೇ ಆಗಬೇಕಲ್ಲ!

ಎಲ್ಲ ಸಾಲವನ್ನೂ ತೀರಿಸಬೇಕೆಂದಿಲ್ಲ. ಮುಂದಿನ ವರ್ಷ ಕಿತ್ತುಹಾಕುವ ಭಾಗವನ್ನು ಹಾಗೆಯೇ ಬಿಡಿ. ಆದರೆ ಪಾಸ್‌ವರ್ಡ್ ರಕ್ಷಣೆ ಮತ್ತು ಬ್ಯಾಕಪ್ ವಿಷಯದಲ್ಲಿ ಸಾಲ ಮಾಡಲೇಬೇಡಿ: ಅಲ್ಲಿ ನಷ್ಟವಾಗುವುದು ಗ್ರಾಹಕರಿಗೆ, ಅವರ ಒಪ್ಪಿಗೆಯನ್ನು ನೀವು ಕೇಳಿರುವುದಿಲ್ಲ.