ಕೆಲಸ ಸಿಕ್ಕ ಮೇಲೆ ಕೊನೆಯ ವರ್ಷದ ಅಂಕಗಳನ್ನು ಕಾಪಾಡಿಕೊಳ್ಳುವುದು ಹೇಗೆ?

ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಏಳನೇ ಸೆಮಿಸ್ಟರ್ ಹೊತ್ತಿಗೆ ಕ್ಯಾಂಪಸ್ ಸಂದರ್ಶನಗಳು ಬಿರುಸಾಗುತ್ತವೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನದಿಂದಲೇ ಹಲವರ ಓದು ಸಡಿಲವಾಗುತ್ತದೆ. ಮೂರು ವರ್ಷ ದಣಿದ ಮನಸ್ಸು ಬಿಡುವು ಬಯಸುವುದು ಸಹಜ. ಆದರೆ ಕೈಸೇರಿದ ಆಫರ್ ಲೆಟರ್ ಷರತ್ತುಗಳಿಗೆ ಒಳಪಟ್ಟದ್ದು ಎಂಬುದನ್ನು ಮರೆಯಬಾರದು.

ಆದ್ದರಿಂದ ಮೊದಲು ಆ ಪತ್ರವನ್ನು ಪೂರ್ತಿ ಓದಬೇಕು. ಸೇರುವ ವೇಳೆಗೆ ಯಾವ ವಿಷಯವೂ ಬಾಕಿ ಇರಬಾರದು, ಒಟ್ಟಾರೆ ಶೇ 60ರಷ್ಟು ಅಂಕವಿರಬೇಕು ಎಂಬಂಥ ಷರತ್ತುಗಳು ಸಾಮಾನ್ಯ. ನಿಮ್ಮ ಪತ್ರದಲ್ಲಿ ಏನಿದೆಯೋ ಅದನ್ನು ಬರೆದಿಟ್ಟುಕೊಳ್ಳಿ.

ಎರಡನೆಯದು ಅಂಕಗಳ ಲೆಕ್ಕ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಥಿಯರಿ ವಿಷಯಗಳಲ್ಲಿ ಸಾಮಾನ್ಯವಾಗಿ ಇಂಟರ್ನಲ್ಸ್‌ಗೆ, ಅಂದರೆ ಕಾಲೇಜಿನಲ್ಲೇ ನಡೆಯುವ ಟೆಸ್ಟ್, ಅಸೈನ್‌ಮೆಂಟ್‌ಗಳಿಗೆ, 50 ಅಂಕ. ಸೆಮಿಸ್ಟರ್ ಪರೀಕ್ಷೆ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಇಂಟರ್ನಲ್ಸ್‌ನಲ್ಲಿ 42 ಪಡೆದವರಿಗೆ ಒಟ್ಟು 60 ತಲುಪಲು ಪರೀಕ್ಷೆಯಲ್ಲಿ 36 ಬಂದರೆ ಸಾಕು. ಇಂಟರ್ನಲ್ಸ್ ಕಡೆಗಣಿಸಿ 24ಕ್ಕೆ ನಿಂತವರಿಗೆ ಅದೇ 60ಕ್ಕೆ 72 ಬೇಕು. ಪಠ್ಯದ ಐದು ಮಾಡ್ಯೂಲ್‌ಗಳಿಂದ (ಭಾಗಗಳಿಂದ) ತಲಾ 20 ಅಂಕದ ಉತ್ತರ ಬರೆಯುವ ಪ್ರಶ್ನೆಪತ್ರಿಕೆಯಲ್ಲಿ 72 ಎಂದರೆ ಹೆಚ್ಚುಕಡಿಮೆ ನಾಲ್ಕು ಮಾಡ್ಯೂಲ್ ಕರಗತವಾಗಿರಬೇಕು. ಕಂಪನಿಯ ತರಬೇತಿ ಇನ್ನೂ ಆರಂಭವಾಗದ ದಿನಗಳಲ್ಲಿ ಅಸೈನ್‌ಮೆಂಟ್, ಟೆಸ್ಟ್‌ಗಳನ್ನು ಶ್ರದ್ಧೆಯಿಂದ ಮುಗಿಸಿದರೆ ಕೊನೆಯ ತಿಂಗಳ ಒತ್ತಡ ಅರ್ಧಕ್ಕರ್ಧ ಇಳಿಯುತ್ತದೆ. ಸ್ವಾಯತ್ತ ಕಾಲೇಜುಗಳಲ್ಲಿ ಈ ಹಂಚಿಕೆ ಬೇರೆಯಿರಬಹುದು. ಅಲ್ಲಿನವರು ತಮ್ಮ ಕಾಲೇಜಿನ ನಿಯಮ ನೋಡಿಕೊಳ್ಳಬೇಕು.

ಮೂರನೆಯದಾಗಿ ಹಾಜರಾತಿ. ವಿಶ್ವವಿದ್ಯಾಲಯದ ಶೇ 85ರ ಹಾಜರಾತಿ ನಿಯಮದಂತೆ, 40 ತರಗತಿಗಳು ನಡೆಯುವ ವಿಷಯದಲ್ಲಿ ತಪ್ಪಿಸಿಕೊಳ್ಳಲು ಸಿಗುವುದು ಆರು ಮಾತ್ರ. ಕಂಪನಿ ಇಂಟರ್ನ್‌ಶಿಪ್‌ಗೆ ಬೇಗ ಕರೆದರೆ, ಹೊರಡುವ ಮೊದಲೇ ವಿಭಾಗದ ಮುಖ್ಯಸ್ಥರಿಂದ ಲಿಖಿತ ಅನುಮತಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಿಕೊಂಡರೆ ಸೆಮಿಸ್ಟರ್ ಕೊನೆಗೆ ತೊಂದರೆಯಾದೀತು.

ಇಂಟರ್ನ್‌ಶಿಪ್ ಶುರುವಾದ ಮೇಲೆ ಓದಿನ ಸಮಯವನ್ನು ಹೊಂದಿಸಿಕೊಳ್ಳುವುದೇ ಕಷ್ಟ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಹೋಗಿಬರುವವರಿಗೆ ನೇರಳೆ ಮಾರ್ಗದ ಮೆಟ್ರೊದಲ್ಲೇ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಕಳೆಯುತ್ತದೆ. ಬೆಳಿಗ್ಗೆ ಸೀಟು ಸಿಕ್ಕರೆ ಒಂದು ಮಾಡ್ಯೂಲ್‌ನ ಟಿಪ್ಪಣಿ ಓದಿ, ಸಂಜೆ ದಣಿವಿರುವುದರಿಂದ ಹಳೆಯ ಪ್ರಶ್ನೆಪತ್ರಿಕೆಗಳ ಮೇಲೆ ಕಣ್ಣಾಡಿಸಿದರೂ ಸಾಕು. ಲೆಕ್ಕ ಬಿಡಿಸುವ ವಿಷಯಗಳನ್ನು ಮಾತ್ರ ಭಾನುವಾರ ಮೇಜಿನ ಮುಂದೆ ಕುಳಿತು ಬರೆದೇ ಕಲಿಯಬೇಕು.

ಪ್ರಾಜೆಕ್ಟ್ ವರದಿಯನ್ನು ಕೊನೆಗೆ ಒಟ್ಟಿಗೆ ಬರೆಯುವ ಬದಲು, ಆಯಾ ವಾರ ಮಾಡಿದ ಕೆಲಸವನ್ನು ಆಗಲೇ ಬರೆದು ಗೈಡ್‌ಗೆ ತೋರಿಸುತ್ತಾ ಬನ್ನಿ. ತರಗತಿಯ ಹೊರಗಿನ ಸಮಾಜಮುಖಿ ಕೆಲಸಗಳಿಗೆ ಸಿಗುವ, ಪದವಿಗೆ ಬೇಕಾದ 100 ಚಟುವಟಿಕೆ ಅಂಕಗಳು ಪೂರ್ಣಗೊಂಡಿವೆಯೇ ಎಂಬುದನ್ನೂ ಪರಿಶೀಲಿಸಿ.

ಇಷ್ಟೆಲ್ಲ ಮಾಡಿಯೂ ಒಂದು ವಿಷಯ ಉಳಿದುಬಿಟ್ಟರೆ ಅದನ್ನು ಮುಚ್ಚಿಡಬೇಡಿ. ಮರುಮೌಲ್ಯಮಾಪನದ ಕೊನೆಯ ದಿನಾಂಕ ಕಳೆಯುವ ಮುನ್ನ ಅರ್ಜಿ ಹಾಕಿ, ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕ ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ, ಸೇರುವ ದಿನವನ್ನು ಮುಂದೂಡಲು ಸಾಧ್ಯವೇ ಎಂದು ಕೇಳಿ.